ರದ್ದಾದ ವಿಮೆ, ನಿಲ್ಲದ ಕಾರು

ಇಳಕಲ್ಲ
ಶನಿವಾರ, 10 ಮಾರ್ಚ್ 1984

ಮಾದೇವಿ, ನನ್ನ ಕೂಸೇ,

ನಿನ್ನ ಬಸಿರಿನ ಕುಬಸದ ಹಸಿರು ಸೀರೆಯ ಸುದ್ದಿಯಷ್ಟೇ ಬರೆದು ಲಕೋಟೆ ಅಂಟಿಸಿಬಿಡುವವಳಿದ್ದೆ. ಆಗಲಿಲ್ಲ. ನಮ್ಮ ಕಾರಿನ ವಿಮೆಯನ್ನು ನಾನು ರದ್ದು ಮಾಡಿಸಿದ್ದೇನೆ. ನಿನ್ನ ಅಪ್ಪಾಜಿಗೆ ಗೊತ್ತಿಲ್ಲ.

ಅವರ ಕಣ್ಣಿಗೆ ಪೊರೆ ಬಂದಿದೆ. ಹೋದ ತಿಂಗಳು ಹುನಗುಂದದ ಹತ್ತಿರ ಎದುರಿಗೆ ಬಂದ ಎತ್ತಿನ ಚಕ್ಕಡಿ ಅವರಿಗೆ ಕಂಡದ್ದು ನಾನು ಚೀರಿದ ಮೇಲೆ. ದವಾಖಾನೆಗೆ ಹೋಗೋಣವೆಂದರೆ, ಈ ರಸ್ತಾ ನನಗ ಕಣ್ಣ ಮುಚ್ಚಿದ್ರೂ ಗೊತ್ತೈತಿ, ನೀ ಸುಮ್ನ ಕೂಡು ಅಂದರು. ಕಣ್ಣು ಮುಚ್ಚಿಯೇ ಹೊಡೀತಿದ್ದೀರಲ್ರೀ ಅಂದೆ. ನಕ್ಕುಬಿಟ್ಟರು.

ಆದರೆ ಕಾಗದಪತ್ರದ ವಿಷಯದಲ್ಲಿ ಅವರೆಂಥವರೆಂದು ನೀನು ಬಲ್ಲೆ. ಒಮ್ಮೆ ಹೊಸ ವಿಮೆ ತಡವಾಯಿತೆಂದು ಬಾದಾಮಿಯ ಮದುವೆಗೆ ನಮ್ಮನ್ನೆಲ್ಲ ಬಸ್ಸಿನಲ್ಲಿ ನಿಲ್ಲಿಸಿಕೊಂಡು ಹೋದವರು. ಕಾರು ಕಲಾದಗಿಯ ನಿನ್ನಜ್ಜ ನನ್ನ ಹೆಸರಿನಲ್ಲಿ ಕೊಡಿಸಿದ್ದು. ವಿಮೆಯೂ ನನ್ನ ಹೆಸರಿನಲ್ಲೇ. ಅದು ನಿಂತರೆ ಕಾರೂ ನಿಲ್ಲುತ್ತದೆಂದು ಎಣಿಸಿದೆ.

ಬಾಗಲಕೋಟೆಯ ವಿಮಾ ಕಚೇರಿಯಲ್ಲಿ ಗುಮಾಸ್ತ ಜಲಾಲುದ್ದೀನ ನನ್ನ ಅರ್ಜಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಚೆಕ್ ವಾಪಸ್ ಬಂದ್ರ, ಸುಳ್ಳು ಬರೆದಿದ್ರ ನಾವ ರದ್ದು ಮಾಡ್ತೇವ್ರಿ, ಗಾಡಿ ಮಾರಿದವ್ರು ತಾವ ಬರ್ತಾರ, ಗಾಡಿ ಮನಿ ಮುಂದ ಇಟ್ಕೊಂಡು ಬಂದವ್ರು ನೀವ ಮೊದಲಿನವ್ರು ನೋಡ್ರಿ ಅಕ್ಕಾರ ಎಂದ. ಸರ್ಟಿಫಿಕೇಟು ತೆಗೆದುಕೊಂಡು ಠಸ್ಸೆ ಹೊಡೆದ.

ಮುಂಜಾನೆ ಗಾಡಿ ತೆಗೆಯುವ ಮೊದಲು ಕಾಗದಪತ್ರದ ಚೀಲ ತೆರೆದು ನೋಡುವುದು ಅಪ್ಪಾಜಿಯ ರೂಢಿಯಲ್ಲವೇ? ಮರುದಿನ ಈ ವರ್ಷದ ಸರ್ಟಿಫಿಕೇಟು ಹೋಗಿ, ಕೆಳಗಿದ್ದ ಅವಧಿ ಮುಗಿದ ಹಳೆಯದು ಮೇಲೆ ಬಂದಿತ್ತು. ತಾರೀಖು ನೋಡಿ ಕೂಗುತ್ತಾರೆಂದು ಬಾಗಿಲಲ್ಲಿ ಉಸಿರು ಹಿಡಿದು ನಿಂತೆ. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು, ಬೆರಳಾಡಿಸಿದರು, ಎಲ್ಲಾ ಐತಿ ಎಂದು ಹೊರಟೇಬಿಟ್ಟರು. ಅಂದಿನಿಂದ ದಿನಾ ಹೀಗೇ. ನಿಲ್ಲಿಸಲು ಹೋಗಿ ಅವರನ್ನು ವಿಮೆಯೂ ಇಲ್ಲದೆ ರಸ್ತೆಗೆ ಬಿಟ್ಟೆ. ಎದುರು ಕೂತು ಜಗಳವಾಡಲು ನನಗೇಕೆ ಧೈರ್ಯ ಬರಲಿಲ್ಲ?

ಶುಕ್ರವಾರ ಕುಬಸ ಮುಗಿಸಿ ವಿದ್ಯಾಗಿರಿಯ ನಿನ್ನ ಗಂಡನ ಮನೆಯಿಂದ ನಿನ್ನನ್ನು ಅಪ್ಪಾಜಿ ಕಾರಿನಲ್ಲೇ ತವರಿಗೆ ಕರೆತರುತ್ತಾರಂತೆ. ಹಿಂದಿನ ಸೀಟಿನಲ್ಲಿ ನೀನು, ನಿನ್ನ ಹೊಟ್ಟೆಯ ಕೂಸು. ಹತ್ತಬೇಡ. ಅವರು ಎಷ್ಟೇ ಸಿಟ್ಟಾಗಲಿ, ಅಳಿಯ ರಾಚಯ್ಯನವರ ಜೊತೆ ಬಸ್ಸಿನಲ್ಲಿ ಬಾ.

ನಿನ್ನ ದಾರಿ ಕಾಯುವ,
ಅವ್ವ

ತಾ.ಕ.: ನನ್ನ ಪತ್ರಗಳ ಕೊನೆಗೆ ಅಪ್ಪಾಜಿಯ ಎರಡು ಸಾಲು ಇರುತ್ತವಲ್ಲ, ದೀಪಾವಳಿಯಿಂದೀಚೆಗೆ ಅವು ಅವರು ಹೇಳಿ ನಾನು ಬರೆದವು. ಹೇಳುವ ಮೊದಲು ಇಡೀ ಪತ್ರ ನನ್ನಿಂದ ಓದಿಸಿ ಕೇಳುತ್ತಾರೆ. ನಾಳೆ ಇದನ್ನೂ ಅವರೆದುರು ಓದಬೇಕು, ಒಂದು ಸಾಲೂ ಹಾರಿಸದೆ. ಕೆಳಗೆ ಅವರಿಗೆ ಜಾಗ ಬಿಟ್ಟಿದ್ದೇನೆ. ಏನೇ ಅನ್ನಲಿ, ಅಂದಂತೆಯೇ ಬರೆದು ಟಪಾಲಿಗೆ ಹಾಕುವೆ: ಸೋಮವಾರ, 12 ಮಾರ್ಚ್.