ಮೊದಲನೆಯ ತೂಕ

ಮನೆ, ಅಡುಗೆಮನೆಯ ಮೇಜು
ಸೆಪ್ಟೆಂಬರ್ ೫, ಶನಿವಾರ, ಬೆಳಗಿನ ಎಂಟು ಗಂಟೆ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಮಂಡಿನೋವು ಮತ್ತೆ ಶುರುವಾಗಿಲ್ಲ ತಾನೇ? ಮಲಗುವಾಗ ಉಸಿರಿನ ಯಂತ್ರ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಅದರ ಸದ್ದಿಗೆ ಪಕ್ಕದ ಮಂಚದವನು ಗೊಣಗಿದನೆಂದು ಮಂಚದ ಕೆಳಗೆ ತಳ್ಳಿದ್ದೀಯೋ? ಗೊಣಗಿದರೆ ಗೊಣಗಲಿ ಬಿಡು, ನೀನು ಮಾತ್ರ ಅದನ್ನು ಹಾಕಿಕೊಂಡೇ ಮಲಗು. ಕ್ಯಾಂಪಿನ ಮೆಸ್ಸಿನಲ್ಲಿ ಊಟಕ್ಕೆ ಏನು ಕೊಡುತ್ತಾರೆ, ನೀನು ಎಷ್ಟು... ನೋಡು, ಮತ್ತೆ ಅದೇ ಪ್ರಶ್ನೆ ಕೇಳಲು ಹೊರಟೆ! ಕೇಳಲಿಲ್ಲ ಎಂದುಕೋ. ಅಮ್ಮ ಚೆನ್ನಾಗಿದ್ದಾಳೆ. ನೀನು ಹೋದ ಮೂರು ವಾರದಿಂದ ನನ್ನ ಜೊತೆ ನೇರವಾಗಿ ಮಾತಾಡುತ್ತಿಲ್ಲ, ಹೇಳಬೇಕಾದದ್ದನ್ನೆಲ್ಲ ಒಲೆಗೆ ಹೇಳುತ್ತಾಳೆ, ನಾನು ಕೇಳಿಸಿಕೊಳ್ಳಬೇಕು. ಆದರೆ ನಿನ್ನೆ ಸಂಜೆಯಿಂದ ಬಾಯಿ ಬಿಟ್ಟಿದ್ದಾಳೆ. ಯಾಕೆ ಎಂಬುದೇ ಈ ಪತ್ರ. ಕುಳಿತುಕೊಂಡು ಓದು. ನಿಮ್ಮ ಆಫೀಸಿಗೆ ಆರು ಸಲ ಫೋನ್ ಮಾಡಿದೆ. ನಿಮ್ಮ ಗುಮಾಸ್ತ ಪಾಪ ಸುಳ್ಳು ಬಾರದ ಮನುಷ್ಯ, "ಅವರು ಇಲ್ಲ ಅಂತ ಹೇಳೋಕೆ ಹೇಳಿದ್ದಾರೆ ಮೇಡಂ" ಎಂದುಬಿಟ್ಟ. ಅದಕ್ಕೇ ನಿಮ್ಮ ಸುರಂಗ ಕಾಮಗಾರಿಯ ಟಪಾಲು ಗಾಡಿಯನ್ನು ನಂಬಿ ಬರೆಯುತ್ತಿದ್ದೇನೆ. ಅಕ್ಕನ ಅಕ್ಷರ ಕಂಡೊಡನೆ ಹರಿದು ಹಾಕಬೇಡ ಮಾರಾಯ, ಕೊನೆತನಕ ಓದು.

ಪುಟ್ಟಾ, ನಿನ್ನ ತೂಕ ಇಳಿದಿತ್ತು! ಆಸ್ಪತ್ರೆಯವರು ಹೇಳಿದ ಮೂರೂವರೆ ಕಿಲೋ ಅಲ್ಲ, ಏಳು ಕಿಲೋ ಎಂಟುನೂರು ಗ್ರಾಂ! ನೀನು ಪಾಸು! ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಇದೆ, ತಾರೀಕೂ ಕೊಟ್ಟಿದ್ದಾರೆ! ಇಷ್ಟನ್ನು ಮೊದಲು ಹೇಳಿಬಿಟ್ಟರೆ ನನಗೆ ಉಸಿರಾಡಲು ಬರುತ್ತದೆ. ಈಗ ಮೊದಲಿನಿಂದ ಹೇಳುತ್ತೇನೆ.

ನಿನಗೆ ನನ್ನ ಕೆಲಸದ ಕಥೆ ಎಂದರೆ ಆಕಳಿಕೆ ಎಂದು ಗೊತ್ತು. ಈ ಸಲ ಆಕಳಿಸಬೇಡ. ನಾವು ಬೆರಳುದ್ದದ ಉಕ್ಕಿನ ಪಟ್ಟಿಗಳನ್ನು ತೂಗಿ, ಒಂದು ತಿಂಗಳು ಉಪ್ಪುನೀರಿನಲ್ಲಿ ನೇತುಹಾಕಿ, ಆಮೇಲೆ ತುಕ್ಕನ್ನೆಲ್ಲ ಉಜ್ಜಿ ತೆಗೆದು ಮತ್ತೆ ತೂಗುತ್ತೇವಲ್ಲ, ಎರಡು ತೂಕದ ನಡುವಿನ ವ್ಯತ್ಯಾಸವೇ ಉಕ್ಕು ಕಳೆದುಕೊಂಡದ್ದು. ಈ ಬಾರಿ ನಲವತ್ತು ಪಟ್ಟಿ ಹಾಕಿದ್ದೆವು. ಮೂವತ್ತೊಂಬತ್ತು ಒಂದೇ ಥರ ಸವೆದಿವೆ, ಇಪ್ಪತ್ತೇಳನೆಯದು ಮಾತ್ರ ಸವೆದೇ ಇಲ್ಲ ಅನ್ನುವಷ್ಟು ಕಡಿಮೆ! ನಮ್ಮ ತುಕ್ಕು ಸಾಹೇಬರು, ಅದೇ ನಮ್ಮ ಮುಖ್ಯಸ್ಥರು, ಮೂರು ದಿನ ತಲೆ ಕೆರೆದುಕೊಂಡರು. ಅದನ್ನು ಮತ್ತೆ ಉಜ್ಜಿಸಿದರು, ಮತ್ತೆ ತೂಗಿಸಿದರು, ಯಂತ್ರವನ್ನೇ ಪರೀಕ್ಷೆ ಮಾಡಿಸಿದರು. ಎಲ್ಲ ಸರಿ. ಕಡೆಗೆ ಬುಧವಾರ ಮಧ್ಯಾಹ್ನ ನಾನು ಸುಮ್ಮನೆ ಒಂದು ಹೊಸ ಪಟ್ಟಿಯನ್ನು ತಕ್ಕಡಿಯ ಗಾಜಿನ ಗೂಡಿನೊಳಗೆ ನಿಲ್ಲಿಸಿ ನೋಡುತ್ತಿದ್ದೆ. ಈ ಸಲದ ಪಟ್ಟಿಗಳು ಕೊಂಚ ಉದ್ದ. ತುದಿ ಪಕ್ಕದ ಗಾಜಿಗೆ ಕೂದಲೆಳೆಯಷ್ಟು ಒರಗಿತು, ನೋಡುತ್ತಿದ್ದಂತೆಯೇ ತೂಕ ಇಳಿದುಹೋಯಿತು! ಒರಗಿದ ಪಟ್ಟಿಯ ಭಾರದಲ್ಲಿ ಸ್ವಲ್ಪವನ್ನು ಗಾಜು ಹೊತ್ತುಕೊಂಡಿತ್ತು. ಅಂದರೆ ಇಪ್ಪತ್ತೇಳನೆಯದು ಮೊದಲ ದಿನ ಹೀಗೆ ಒರಗಿ ನಿಂತು ಕಡಿಮೆ ತೂಗಿದೆ. ಮೊದಲೇ ಕಡಿಮೆ ಬರೆದುಕೊಂಡರೆ ಆಮೇಲೆ ಎಷ್ಟು ಸವೆದರೂ ಸವೆದಿಲ್ಲವೆಂದೇ ಕಾಣುತ್ತದೆ. ನಾವೆಲ್ಲ ಎರಡನೆಯ ತೂಕವನ್ನೇ ಹಿಡಿದು ಜಗ್ಗಾಡುತ್ತಿದ್ದೆವು, ಮೊದಲನೆಯದನ್ನು ಯಾರೂ ಅನುಮಾನಿಸಲಿಲ್ಲ. "ಸಾರ್, ತಪ್ಪಿರೋದು ಮೊದಲನೇ ತೂಕದಲ್ಲಿ!" ಎಂದು ಕೂಗಿದೆ.

ಕೂಗಿದವಳು ಅಲ್ಲೇ ನಿಂತುಬಿಟ್ಟೆ. ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. ಪುಟ್ಟಾ, ಆಸ್ಪತ್ರೆಯಲ್ಲಿ ಮೊದಲ ದಿನ ನೀನು ತೂಕದ ಕಟ್ಟೆ ಹತ್ತಿದ್ದು ಕಣ್ಣಿಗೆ ಕಟ್ಟಿತು. ಆಗ ನಿನ್ನ ಮಂಡಿ ಎಷ್ಟು ನೋಯುತ್ತಿತ್ತು! ಒಂದು ಗೇಣು ಎತ್ತರದ ಕಟ್ಟೆ ಹತ್ತಲು ಮೂರು ಸಲ ನಿಂತೆ. ಗೋಡೆಯಲ್ಲಿ ಉದ್ದಕ್ಕೂ ಒಂದು ಸ್ಟೀಲಿನ ಸರಳು ಇದೆಯಲ್ಲ, ಅದನ್ನು ಬಲಗೈಯಲ್ಲಿ ಭದ್ರವಾಗಿ ಹಿಡಿದುಕೊಂಡು ನಿಂತಿದ್ದೆ. ನರ್ಸು ಪರದೆಯ ಅಂಕಿ ನೋಡಿ ಬರೆದುಕೊಂಡಳೇ ಹೊರತು ನಿನ್ನ ಕೈಯನ್ನು ನೋಡಲಿಲ್ಲ. ನೀನು ಹಿಡಿದದ್ದು ಯಾಕೆ ಗೊತ್ತೇ? "ಸರಳು ಹಿಡ್ಕೊಳ್ಳೋ, ಬಿದ್ದುಗಿದ್ದೀಯ" ಎಂದದ್ದು ನಾನು! ಇಪ್ಪತ್ತೆರಡು ವರ್ಷದಿಂದ ತೂಗುವುದನ್ನೇ ಕಸುಬು ಮಾಡಿಕೊಂಡವಳು, ಉಸಿರು ತಾಗಿದರೂ ಅಂಕಿ ಅಲ್ಲಾಡುತ್ತದೆಂದು ಬಂದವರನ್ನೆಲ್ಲ ಗದರುವವಳು, ಒಡಹುಟ್ಟಿದ ತಮ್ಮನನ್ನು ತೂಗುವಾಗ ಗೋಡೆ ಹಿಡಿದುಕೋ ಎಂದೆ. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಇದಕ್ಕೇ. ಇನ್ನೊಂದು ನೆನಪಾಗಿ ಕಣ್ಣಲ್ಲಿ ನೀರೇ ಬಂತು. ಆರು ವಾರದ ಬಳಿಕ ಎರಡನೆಯ ತೂಕಕ್ಕೆ ಹೋದಾಗ ನೀನು ಕೈ ಬೀಸಿಕೊಂಡು ಹತ್ತಿದೆ! ಏನನ್ನೂ ಹಿಡಿಯಲಿಲ್ಲ, "ನೋಡಕ್ಕಾ" ಎಂದು ನನ್ನ ಕಡೆ ತಿರುಗಿ ನಕ್ಕೆ. ನಿನ್ನ ಮಂಡಿ ಸುಧಾರಿಸಿದ್ದೇ ನಿನಗೆ ಮುಳುವಾಯಿತು ಕಣೋ.

ಗುರುವಾರ ರಜೆ ಹಾಕಿ ಮೊದಲನೆಯ ಬಸ್ಸಿಗೇ ಆಸ್ಪತ್ರೆಗೆ ಓಡಿದೆ. ಅಲ್ಲಿ ಕೆಂಪು ಪೆನ್ನಿನ ನರ್ಸಮ್ಮ ಇದ್ದಾಳಲ್ಲ, ನಿನ್ನ ಹೆಸರಿನ ಮೇಲೆ ಗೀಟು ಎಳೆದವಳು, ಅವಳೇ ಬಾಗಿಲಲ್ಲಿ. ಈ ಆಪರೇಷನ್ನಿನ ಅಧ್ಯಯನದಿಂದ ಹೊರಗೆ ಹೋದವರ ಫೈಲನ್ನು ಮತ್ತೆ ತೆಗೆಯುವಂತಿಲ್ಲವಂತೆ. "ಆಪರೇಷನ್‌ಗೆ ಮುಂಚೆ ಆರು ವಾರದಲ್ಲಿ ತೂಕ ನೂರಕ್ಕೆ ಐದು ಭಾಗ ಇಳಿಸಬೇಕು, ಇಳಿಸಲಿಲ್ಲ, ಮುಗೀತು" ಎಂದಳು. ನಾನು ಬಿಡುತ್ತೇನೆಯೇ? ಫೈಲು ಬೇಡ ತಾಯಿ, ಒಂದು ನಿಮಿಷ ನೀವು ಈ ಕಟ್ಟೆ ಹತ್ತಿ ಎಂದು ಗೋಗರೆದೆ. ನನ್ನ ಕಾಟ ತಾಳಲಾರದೆ ಹತ್ತಿದಳು. ಅರವತ್ತೊಂದು. ಈಗ ಆ ಸರಳನ್ನು ಹಿಡಿದುಕೊಳ್ಳಿ ಎಂದೆ. ಐವತ್ತೇಳು! ಅವಳು ಕೈ ಬಿಟ್ಟಳು, ಹಿಡಿದಳು, ಬಿಟ್ಟಳು, ಹಿಡಿದಳು. ಆಮೇಲೆ ನಗತೊಡಗಿದಳು ನೋಡು, "ಅಯ್ಯೋ, ಇದು ಚೆನ್ನಾಗಿದೆಯಲ್ರೀ, ಇನ್ನು ಮೇಲೆ ನಾನು ದಿನಾ ಹೀಗೇ ತೂಕ ನೋಡ್ಕೋತೀನಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಕೇಳಿ ಡಾಕ್ಟರಮ್ಮನೇ ಹೊರಗೆ ಬಂದರು.

ಅವರು ಮಾತ್ರ ನಗಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, ಹಿಡಿದಿದ್ದ ಎನ್ನುವುದಕ್ಕೆ ಸಾಕ್ಷಿ ಏನು, ಹಿಡಿದಿದ್ದರೂ ಎಷ್ಟು ಭಾರ ಸರಳಿನ ಮೇಲೆ ಬಿಟ್ಟಿದ್ದ ಎಂದು ಹೇಗೆ ಹೇಳುತ್ತೀರಿ ಎಂದರು. ಸರಿಯಾದ ಪ್ರಶ್ನೆಯೇ. ನಮ್ಮ ಸಾಹೇಬರೂ ಅದನ್ನೇ ಕೇಳುತ್ತಿದ್ದರು. ನಾನು ಕಂಡದ್ದನ್ನೇ ಮತ್ತೆ ಹೇಳಿದೆ, ಅವರು ಒಪ್ಪಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹೆಂಗಸಲ್ಲ ಅವರು. ಆಗ ನರ್ಸಮ್ಮನೇ ಮೆಲ್ಲಗೆ, "ಮೇಡಂ, ಅರಿವಳಿಕೆ ಸಾರ್ ಹತ್ರ ಒಂದು ತೂಕ ಇರುತ್ತಲ್ಲ" ಎಂದಳು. ನೆನಪಿದೆಯೇ? ಅದೇ ಮೊದಲ ದಿನ, ಒಂದು ಗಂಟೆಯ ನಂತರ, ಅರಿವಳಿಕೆ ಕೊಡುವ ಡಾಕ್ಟರು, ಅಮ್ಮ ಅವರಿಗೆ ನಿದ್ದೆ ಡಾಕ್ಟರು ಎನ್ನುತ್ತಾಳೆ, ನಿನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕುರ್ಚಿಯ ಸಮೇತ ತೂಗಿ, ಕುರ್ಚಿಯ ಭಾರ ಕಳೆದು ಬರೆದುಕೊಂಡಿದ್ದರು. ಔಷಧಿಯ ಪ್ರಮಾಣ ಲೆಕ್ಕ ಹಾಕಲು. ಕುರ್ಚಿಯಲ್ಲಿ ಕೂತವನು ಯಾವ ಗೋಡೆ ಹಿಡಿಯುತ್ತಾನೆ? ಆ ಫೈಲು ಅವರ ಬೀರುವಿನಲ್ಲಿ, ಈ ಫೈಲು ಇವರ ಬೀರುವಿನಲ್ಲಿ, ಎರಡರ ನಡುವೆ ಒಂದು ಗೋಡೆ, ಯಾರೂ ಪಕ್ಕಪಕ್ಕ ಇಟ್ಟು ನೋಡಿಲ್ಲ. ಆದರೆ ನಿದ್ದೆ ಡಾಕ್ಟರು ಆ ದಿನ ರಜೆ, ಬೀರುವಿಗೆ ಬೀಗ! ನಾಳೆ ಬನ್ನಿ ಎಂದರು. ಆ ಒಂದು ದಿನ ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ, ರಜೆಯಿದ್ದರೂ ಮನೆಯಲ್ಲಿ ಕೂರಲಾರದೆ ಲ್ಯಾಬಿಗೆ ಹೋಗಿ ಎರಡು ಲೋಟ ಒಡೆದು ಹಾಕಿದೆ.

ನಿನ್ನೆ ಹನ್ನೊಂದು ಗಂಟೆಗೆ ಬೀರು ತೆರೆಯಿತು. ನೂರ ಐವತ್ತೆರಡು ಕಿಲೋ ಆರುನೂರು ಗ್ರಾಂ! ಇವರ ಫೈಲಿನಲ್ಲಿದ್ದದ್ದು ನೂರ ನಲವತ್ತೆಂಟು ಚಿಲ್ಲರೆ. ನಾಲ್ಕು ಕಿಲೋಗಿಂತ ಹೆಚ್ಚನ್ನು ಆ ಸರಳಿನ ತಲೆಗೆ ಕಟ್ಟಿದ್ದೆಯಲ್ಲೋ ಭೂಪ! ಡಾಕ್ಟರಮ್ಮ ಔಷಧಿ ಚೀಟಿಯ ಹಿಂಬದಿಯಲ್ಲೇ ಲೆಕ್ಕ ಹಾಕಿದರು. ನೂರ ಐವತ್ತೆರಡೂವರೆ ಚಿಲ್ಲರೆಗೆ ಐದು ಭಾಗ ಎಂದರೆ ನೀನು ಏಳು ಕಿಲೋ ಆರುನೂರ ಮೂವತ್ತು ಗ್ರಾಂ ಇಳಿಸಬೇಕಿತ್ತು. ಇಳಿಸಿದ್ದು ಏಳು ಕಿಲೋ ಎಂಟುನೂರು. ನೂರ ಎಪ್ಪತ್ತು ಗ್ರಾಂ ಜಾಸ್ತಿ! ಒಂದು ಲೋಟ ನೀರಿನಷ್ಟೂ ಇಲ್ಲದ ಅಂತರದಲ್ಲಿ ಗೆದ್ದಿದ್ದೀಯ. ಅವರು ಎರಡು ಸಲ ಲೆಕ್ಕ ಮಾಡಿ, ಪೆನ್ನು ಮುಚ್ಚಿಟ್ಟು, "ನಿಮ್ಮ ತಮ್ಮನಿಗೆ ನಾನು ಕ್ಷಮೆ ಕೇಳಿದೆ ಅಂತ ಹೇಳಿ" ಎಂದರು. ಅಷ್ಟು ದೊಡ್ಡ ಡಾಕ್ಟರು! ನಾನು ಅಲ್ಲೇ ಅತ್ತುಬಿಟ್ಟೆ, ನರ್ಸಮ್ಮನೂ ಕಣ್ಣೊರೆಸಿಕೊಂಡಳು. ಆಮೇಲೆ ಅವಳು ಅದೇ ಕೆಂಪು ಪೆನ್ನಿನಿಂದ ನಿನ್ನ ಹೆಸರನ್ನು ಮತ್ತೆ ಬರೆದಳು. ಇನ್ನು ಮುಂದೆ ತೂಕ ನೋಡುವಾಗ ಎರಡೂ ಕೈ ತಲೆಯ ಮೇಲೆ ಇಟ್ಟುಕೊಳ್ಳಬೇಕು ಎಂದು ಗೋಡೆಗೆ ಚೀಟಿ ಅಂಟಿಸುತ್ತಾರಂತೆ. ಮನೆಗೆ ಬಂದು ಹೇಳಿದರೆ ಅಮ್ಮ ಒಲೆಯ ಕಡೆ ನೋಡಲಿಲ್ಲ, ಮೂರು ವಾರದಲ್ಲಿ ಮೊದಲ ಸಲ ನನ್ನ ಮುಖ ನೋಡಿ, "ನನ್ನ ಮಗ ಸುಳ್ಳು ಹೇಳೋನಲ್ಲ ಅಂತ ನಾನು ಅವತ್ತೇ ಹೇಳಿದ್ದೆ" ಎಂದಳು. ಹೌದು, ಹೇಳಿದ್ದಳು. ಅವಳ ಹತ್ತಿರ ಯಾವ ತಕ್ಕಡಿಯೂ ಇರಲಿಲ್ಲ.

ಈಗ ಕೆಲಸದ ಮಾತು. ೧೪ನೇ ತಾರೀಕು ಸೋಮವಾರ ನೀನು ಆಸ್ಪತ್ರೆಯಲ್ಲಿರಬೇಕು. ಆ ದಿನ ತಪ್ಪಿದರೆ ಈ ಅಧ್ಯಯನದ ಬಾಗಿಲು ಮುಚ್ಚುತ್ತದೆ, ಇದೇ ಕೊನೆಯ ತಂಡ. ಗುರುವಾರ ೧೭ಕ್ಕೆ ಆಪರೇಷನ್. ನಿಮ್ಮ ಎಂಜಿನಿಯರಿಗೆ ಡಾಕ್ಟರಮ್ಮನ ಪತ್ರ ಬೇರೆ ಕಳಿಸಿದ್ದೇನೆ, ರಜೆಗೆ ತೊಂದರೆಯಾಗದು. ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಬಾ, ಹಿಂದೆ ಕೂತರೆ ಮಂಡಿಗೆ ಕುಲುಕಾಟ. ಉಸಿರಿನ ಯಂತ್ರ ಮರೆಯಬೇಡ.

ಅಮ್ಮ ನೂರು ಸಲ ಹರಸಿದ್ದಾಳೆ, ನಿನ್ನ ನಕ್ಷೆಯ ಪೆನ್ಸಿಲುಗಳ ಡಬ್ಬಿ ಇಲ್ಲೇ ಜೋಪಾನವಾಗಿದೆ ಎಂದು ಬರೆಯಲು ಹೇಳಿದ್ದಾಳೆ. ನೂರು ವರ್ಷ ಚೆನ್ನಾಗಿ ಬಾಳು, ಮೆಟ್ಟಿಲು ಓಡಿಕೊಂಡು ಹತ್ತುವ ಹಾಗಾಗು.

ಇತಿ ನಿನ್ನ,
ಅಕ್ಕ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅಂಚೆಯವನು ಬೀದಿಯ ಆ ತುದಿಯಲ್ಲಿ ಕಾಣುತ್ತಿದ್ದಾನೆ, ಬೇಗ ಹೇಳುತ್ತೇನೆ. ಆ ಆರು ವಾರ, ನೀನೂ ಅಮ್ಮನೂ ಬೆಳಗ್ಗೆ ನಡೆಯಲು ಹೋದಾಗೆಲ್ಲ ನಾನು ಅಡುಗೆಮನೆಯ ಡಬ್ಬಿಗಳನ್ನು ತೂಗುತ್ತಿದ್ದೆ. ಅಕ್ಕಿ, ಸಕ್ಕರೆ, ಎಣ್ಣೆ, ಬಿಸ್ಕತ್ತು, ಎಲ್ಲ. ಅಡುಗೆಗೆ ತೆಗೆದದ್ದನ್ನು ಕಳೆದು ಪುಸ್ತಕದಲ್ಲಿ ಬರೆಯುತ್ತಿದ್ದೆ. ನಲವತ್ತೆರಡು ದಿನ. ಒಂದು ದಿನವೂ ಒಂದು ಚಮಚೆ ಕಡಿಮೆ ಬರಲಿಲ್ಲ. ಎರಡನೆಯ ತೂಕದ ದಿನ ಡಾಕ್ಟರಮ್ಮ "ಮನೇಲಿ ಕದ್ದು ತಿಂತಾರಾ?" ಎಂದು ನನ್ನನ್ನು ಕೇಳಿದಾಗ ಆ ಪುಸ್ತಕ ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ತೆಗೆದು ತೋರಿಸಿದ್ದರೆ ತಮ್ಮನ ಬೆನ್ನ ಹಿಂದೆ ಡಬ್ಬಿ ತೂಗಿದವಳು ಎಂದು ನಿನಗೆ ಗೊತ್ತಾಗುತ್ತಿತ್ತು. ಆ ನಾಚಿಕೆಗೆ "ಇರಬಹುದು" ಎಂದೆ. ನೀನು ನನ್ನನ್ನು ನೋಡಿದೆ, ಎದ್ದು ಹೋದೆ. ಸರಳು ಹಿಡಿಸಿದ್ದು ಗೊತ್ತಿಲ್ಲದೆ ಆದ ತಪ್ಪು. ಇದು ಗೊತ್ತಿದ್ದೂ ಮಾಡಿದ್ದು. ಪುಸ್ತಕವನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಆಸ್ಪತ್ರೆಯ ಕಾಗದದಲ್ಲಿ, ಆಪರೇಷನ್ ದಿನ ಪಕ್ಕದಲ್ಲಿ ಯಾರು ಇರುತ್ತಾರೆ ಎಂಬ ಸಾಲನ್ನು ತುಂಬದೆ ಬಿಟ್ಟಿದ್ದೇನೆ. ಅಮ್ಮನ ಹೆಸರು ಬರೆದರೂ ಸರಿಯೇ, ನಾನು ಹೊರಗಿನ ಬೆಂಚಿನ ಮೇಲೆ ಕೂರುತ್ತೇನೆ. ಬಾಯಿಗೆ ಬಂದ ಹಾಗೆ ಬೈ ಪುಟ್ಟಾ, ನನಗೆ ಅದು ಬೇಕು. ಆದರೆ ಬರೆದು ಬೈಯಬೇಡ, ಬಂದು ಬೈ.