ಮದುಮಗಳ ತಂತಿ ಕಿರೀಟ

ಮಗಳೇ,

ಇದನ್ನು ಕಳಿಸುವುದಿಲ್ಲ. ಕಳಿಸಿದರೂ ನೀನು ಒಡೆದು ನೋಡುವವಳಲ್ಲ.

ಮದುವೆಗೆ ಮುಂಚೆ ನಿನ್ನ ಗೆಳತಿಯರು ಕಿನ್ನರಲೋಕದ ವೇಷದಲ್ಲಿ ಪಾರ್ಟಿ ಮಾಡುತ್ತಾರಂತೆ. ಅವರಲ್ಲೊಬ್ಬಳು ನಾನು ಕೆಲಸ ಮಾಡುವ ಅಂಗಡಿಗೆ ಬಂದು ಕಾಗದದ ರೆಕ್ಕೆ, ಹೂವಿನ ಕಿರೀಟ ಮಾಡಿಕೊಡಲು ಹೇಳಿಹೋಗಿದ್ದಳು. ಅಳತೆಯ ಅಂದಾಜಿಗೆ ಮದುಮಗಳ ಫೋಟೊ ತೋರಿಸಿದಳು. ಅದರಲ್ಲಿ ನೀನಿದ್ದೆ. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ.

ಇವತ್ತು ಒಯ್ಯಲು ಬಂದವಳು ನಿನ್ನ ಕಿರೀಟ ಎತ್ತಿ ನೋಡಿದಳು.

"ಎಲ್ಲಾದಕ್ಕೂ ಬರೀ ತಂತಿ, ಇದೊಂದಕ್ಕೆ ಯಾಕೆ ಆಂಟಿ ಒಳಗೆ ಬಟ್ಟೆ ಸುತ್ತಿದೀರಾ?"

"ತಂತಿ ತಾಗಿದ್ರೆ ಕೆಲವರಿಗೆ ಕಿವಿ ಹಿಂದೆ ಗಂಧೆ ಏಳುತ್ತಮ್ಮ."

"ಅಯ್ಯೋ, ಅವಳಿಗೂ ಹಾಗೇ! ನೀವೇನು ಕಣಿ ಹೇಳ್ತೀರಾ?" ಎಂದು ನಕ್ಕಳು.

ಕೇಳಿಬಿಟ್ಟೆ, "ಅವರಮ್ಮಂಗೂ ಒಂದು ಕಿರೀಟ ಬೇಕೇನಮ್ಮ?"

"ಅಮ್ಮ ಇಲ್ಲ ಆಂಟಿ. ಅವಳು ಚಿಕ್ಕೋಳಿದ್ದಾಗ್ಲೇ ತೀರ್ಕೊಂಡ್ರಂತೆ, ಪಾಪ."

ನಾನೂ ಪಾಪ ಎಂದೆ. ಪೆಟ್ಟಿಗೆಗೆ ದಾರ ಕಟ್ಟಿ ಕೊಟ್ಟೆ.

ಅವಳು ಹೋದಾಗಿನಿಂದ ಒಂದೇ ಯೋಚನೆ. ಕಿರೀಟದೊಳಗೆ ಸುತ್ತಿದ್ದು ನಿನ್ನ ಹಳೆಯ ಫ್ರಾಕಿನ ಬಟ್ಟೆ, ಎಡಗಿವಿಯ ಹತ್ತಿರ ಸಾಲಲಿಲ್ಲ. ಎಳೆದು ಅಂಟು ಹಾಕಿದ್ದೇನೆ. ಅಂಟು ಬಿಟ್ಟುಕೊಂಡರೆ ತಂತಿ ತಾಗುತ್ತದೆ. ತುರಿಸಿದರೆ ಯಾರ ಮುಖವನ್ನೂ ನೋಡಬೇಡ, ತೆಗೆದು ಎಸೆದುಬಿಡು.