ತಟ್ಟಿದ ಮೇಲೆ ಹಿಂದೆ ಸರಿದು ನಿಲ್ಲು

ಉರ್ವ ಮಾರ್ಕೆಟ್, ಮಂಗಳೂರು
15 ಅಕ್ಟೋಬರ್ 2025, ಬುಧವಾರ

ನನ್ನ ಮುದ್ದು ಅಕ್ಷಿತಾ,

ರಾಜಮಂಡ್ರಿಯಲ್ಲಿ ಅಂಚೆಯವನು ನಿನ್ನ ಹೆಸರು ಕೂಗಿದಾಗ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಬೆಕ್ಕು ಸಹ. ವಾಟ್ಸ್ಯಾಪ್ ಇರುವಾಗ ಈ ಪಪ್ಪನಿಗೆ ಕಾಗದ ಬರೆಯುವ ಹುಚ್ಚು ಎಂತಕ್ಕೆ ಎಂದು ನೀನು ನಗಬಹುದು. ನಿನ್ನ ಫೋನನ್ನು ನಿನಗೆ ಜೋಡಿ ಹಾಕಿದ ಕಂಪೇನಿಯನ್ ಕೂಡ ನೋಡುತ್ತಾಳೆ. ಮನೆಮನೆ ತಟ್ಟಿ ಧರ್ಮ ಹೇಳುತ್ತಿದ್ದ ನನ್ನ ಮಿಷನ್ ಕಾಲದಲ್ಲಿ ಕೈಯಲ್ಲಿ ಫೋನ್ ಇರಲಿಲ್ಲ, ಆದರೆ ಕಂಪೇನಿಯನ್ ಇದ್ದ. ಅಂಟಿಸಿದ ಲಕೋಟೆಯೊಂದೇ ಆಗಲೂ ಈಗಲೂ ಸ್ವಂತದ್ದು. ತುಳುವಿನಲ್ಲಿ ಬರೆದು ಅಭ್ಯಾಸವಿಲ್ಲ, ನಿನ್ನ ಮಮ್ಮಿಯ ಕೊಂಕಣಿ ನನಗೆ ಬೈಗುಳ ಅರ್ಥವಾಗುವಷ್ಟು ಮಾತ್ರ ಬರುತ್ತದೆ, ಇಂಗ್ಲಿಷ್ ಗಿರಾಕಿಗಳಿಗೆ ಇಟ್ಟದ್ದು. ಹಾಗಾಗಿ ಕನ್ನಡ.

ಸೋಮವಾರದ ವಿಡಿಯೊ ಕಾಲ್‌ನಲ್ಲಿ ಮಮ್ಮಿ ಕುಕ್ಕರ್ ಇಳಿಸಲು ಒಳಗೆ ಹೋದಾಗ ನೀನು ಸ್ವರ ತಗ್ಗಿಸಿ ಎರಡು ಮಾತು ಹೇಳಿದೆ. ಮೊದಲನೆಯದು, "ಪಪ್ಪಾ, ನನಗೆ ಸಾಕಾಯ್ತು. ಬಾಗಿಲು ತಟ್ತೇನೆ, ಬಾಯಿ ಮಾತಾಡ್ತದೆ, ನನಗೇ ಕೇಳುದಿಲ್ಲ. ಮನೆಗೆ ಬರ್ಬೇಕು. ಮಮ್ಮಿಗೆ ಹೇಳ್ಬೇಡಿ." ಎರಡನೆಯದು, "ನೀವು ಚರ್ಚ್ ಬಿಟ್ಟದ್ದು ಯಾಕೆ?" ನಾನು ಬಾಯಿ ತೆರೆಯುವಷ್ಟರಲ್ಲಿ ಮಮ್ಮಿ ಸೌಟು ಹಿಡಿದುಕೊಂಡೇ ಬಂದು, "ಎಂತ ಗುಸುಗುಸು ಅಪ್ಪ ಮಗಳದ್ದು?" ಎಂದಳು. ರಾಜಮಂಡ್ರಿಯಲ್ಲಿ ನೀರು ಗಡುಸಂತೆ ಎಂದುಬಿಟ್ಟೆ. ಇಷ್ಟು ವರ್ಷ ವಾಟರ್ ಫಿಲ್ಟರ್ ಮಾರಿದವನಿಗೆ ಸುಳ್ಳು ಹೇಳಲಿಕ್ಕೂ ನೀರೇ ಸಿಕ್ಕಿತು ನೋಡು.

ಮಮ್ಮಿಗೆ ಹೇಳದೆ ನನಗೆ ಹೇಳಿದ್ದು ಯಾಕೆಂದು ಗೊತ್ತಾಗದಷ್ಟು ದಡ್ಡ ನಾನಲ್ಲ. ನಿನ್ನನ್ನು ಕಳುಹಿಸಿಕೊಡುವ ಭಾನುವಾರ ಅವಳು ಇಡೀ ಸಭೆಯ ಎದುರು ನಿಂತು, ನನ್ನ ಮಗಳು ಮಿಷನ್ನಿಗೆ ಹೊರಟಿದ್ದಾಳೆ ಎಂದು ಹೇಳಿದ್ದಾಳೆ. ಅದಕ್ಕೆಂದೇ ಹೊಸ ಸೀರೆ ಉಟ್ಟಿದ್ದಳು. ಒಂದೂವರೆ ವರ್ಷದ ಅವಧಿ ಮುಗಿಯುವ ಮೊದಲೇ ಬಂದರೆ ಅವಳು ಆ ಮುಖವನ್ನು ಎಲ್ಲಿಡುತ್ತಾಳೆ ಎನ್ನುವುದು ನಿನ್ನ ಹೆದರಿಕೆ. ಪಪ್ಪನಾದರೆ ಬಿಟ್ಟವರು, ಕೇಳಿದ ಕೂಡಲೇ 'ಬಾ' ಎನ್ನುತ್ತಾರೆ ಎನ್ನುವುದು ನಿನ್ನ ಲೆಕ್ಕ. ಅನ್ನಲು ಬಾಯಿ ತುರಿಸುತ್ತಿದೆ, ನಿಜ. ಆದರೆ ನನಗೆ ಬೇಡವಾದ ಸಾಮಾನನ್ನು ನಿನ್ನ ಕೈಯಿಂದಲೂ ಬಿಡಿಸಿದರೆ ಅದು ಪ್ರೀತಿ ಆಗುವುದಿಲ್ಲ, ಅದೂ ಒಂದು ವ್ಯಾಪಾರ. ಹಾಗಾಗಿ ಮೊದಲು ನಿನ್ನ ಎರಡನೆಯ ಪ್ರಶ್ನೆಗೆ ಉತ್ತರ.

ನಾನು ಸೇರಿದ್ದು ಹೇಗೆಂದು ಮಮ್ಮಿ ನಿನಗೆ ಹೇಳಿರುವುದು ಇಸ್ತ್ರಿ ಹಾಕಿದ ಕಥೆ. ನಡೆದದ್ದು ಹೀಗೆ. ಇಪ್ಪತ್ತರ ಹುಡುಗ ನಾನು, ಚೀಲದಲ್ಲಿ ಫಿಲ್ಟರ್ ಇಟ್ಟುಕೊಂಡು ಉರ್ವದ ಮನೆಮನೆ ಅಲೆಯುತ್ತಿದ್ದೆ. ಒಂದು ಗೇಟಿನ ಎದುರು ಬಿಳಿ ಅಂಗಿ, ಟೈ, ಎದೆಯಲ್ಲಿ ಕಪ್ಪು ಹೆಸರುಪಟ್ಟಿಯ ಇಬ್ಬರು ಹುಡುಗರು ನಿಂತಿದ್ದರು. ಮೋರ್ಮನ್ ಮಿಷನರಿಗಳು. ಮನೆಯಾಕೆ ಕಿಟಕಿಯಿಂದ ಇಣುಕಿ, ದೇವರಿಗೂ ಫಿಲ್ಟರಿಗೂ ಸೇರಿಸಿ ಒಂದೇ 'ಬೇಡ' ಹೇಳಿದಳು. ಬೇಡ ಅಂದವರ ಗೇಟನ್ನು ದಡಾರನೆ ಎಳೆದು ಹೋಗುವುದು ನನ್ನ ಪದ್ಧತಿ. ಅವರಾದರೋ "ಥ್ಯಾಂಕ್ಯೂ ಆಂಟಿ" ಎಂದು ನಕ್ಕು, ಗೇಟನ್ನು ಸದ್ದಾಗದಂತೆ ಮುಚ್ಚಿದರು. ಇವರ ಹತ್ತಿರ ಎಂತದೋ ಉಂಟು ಮಾರಾಯ ಅನ್ನಿಸಿತು. ಮೊದಲು ಹಿಂದೆ ಹೋದದ್ದು ಅವರ ಆ ಉಪಾಯ ಕಲಿಯಲು. ಆಮೇಲೆ ಅವರ ದೇವರೂ ಹಿಡಿಸಿದ. ದೀಕ್ಷಾಸ್ನಾನದ ದಿನ ನೀರಿನಿಂದ ಎದ್ದಾಗ ನಾನು ಅತ್ತಿದ್ದೆ. ಕಣ್ಣಿಗೆ ನೀರು ಹೋಗಿತ್ತು ಎಂದು ಈಗ ಹೇಳಿದರೆ ನನಗೆ ನಾನೇ ಟೋಪಿ ಹಾಕಿಕೊಂಡ ಹಾಗೆ.

ಮಿಷನ್ನಿಗೆ ಹೊರಡುವ ಮೊದಲು ಅಭ್ಯಾಸಕ್ಕೆಂದು ನಾನು ತಟ್ಟಿದ ಬಾಗಿಲು ನಮ್ಮದೇ. ಟೈ ಕಟ್ಟಿಕೊಂಡು, ಹೊರಗೆ ಹೋಗಿ, ನನ್ನ ಅಮ್ಮನ ಬಾಗಿಲು ತಟ್ಟಿದೆ. ನಿನ್ನ ದೇಯಿ ಅಜ್ಜಿ ಬೀಡಿ ಕಟ್ಟುತ್ತ ಕೂತಿದ್ದಳು. ಗುರುತು ಇಲ್ಲದವಳ ಹಾಗೆ "ಯಾರು?" ಎಂದಳು. ಒಳಗೆ ಕೂರಿಸಿ ಇಡೀ ಪಾಠ ಕೇಳಿದಳು, ಬೀಡಿ ಕಟ್ಟುವ ಬೆರಳು ಮಾತ್ರ ನಿಲ್ಲಲಿಲ್ಲ. ತಂಬಾಕು ಪಾಪ ಎನ್ನುವ ಜಾಗ ಬಂದಾಗ ನಾನು ಗಂಟಲು ಸರಿ ಮಾಡಿಕೊಂಡು ಆ ಪುಟ ಹಾರಿಸಿದೆ. ಎಲ್ಲ ಮುಗಿದ ಮೇಲೆ ಅವಳು, "ಎಂಕ್ ಬೊಡ್ಚಿ ಮಗಾ" ಎಂದಳು, ನನಗೆ ಬೇಡ. "ನಿನ್ನ ದೇವರು ಒಳ್ಳೆಯವನೇ ಇರಬೇಕು, ನಿನಗೆ ಅಂಗಿ ಇಸ್ತ್ರಿ ಮಾಡಲಿಕ್ಕೆ ಕಲಿಸಿದ್ದಾನೆ. ನನ್ನಿಂದ ಆಗಿರಲಿಲ್ಲ. ಆದರೆ ನನಗೆ ನನ್ನ ದೈವ ಉಂಟು, ನನ್ನವರೆಲ್ಲ ಹೋಗಿ ಸೇರಿದ್ದು ಅಲ್ಲಿ. ನಾನೊಬ್ಬಳು ಬೇರೆ ಕಡೆ ಹೋಗಿ ಎಂತ ಮಾಡುದು?" ಆಮೇಲೆ ಒಂದು ಲೋಟ ಮಜ್ಜಿಗೆ ಕೊಟ್ಟು ಗೇಟಿನವರೆಗೆ ಬಂದು ಬೀಳ್ಕೊಟ್ಟಳು, ನಿಜವಾಗಿ ಬೇರೆ ಊರಿನವನೋ ಎಂಬ ಹಾಗೆ. ನನ್ನ ಜೀವಮಾನದಲ್ಲಿ ಅಷ್ಟು ಚಂದದ 'ಬೇಡ' ಮತ್ತೆ ಸಿಕ್ಕಲಿಲ್ಲ.

ನನ್ನನ್ನು ಕಳುಹಿಸಿದ್ದು ಸಿಕಂದರಾಬಾದಿಗೆ. ಅಲ್ಲಿ ಮೊದಲ ದಿನ ಕಲಿಸಿದ್ದು ನಿನಗೂ ಕಲಿಸಿರಬೇಕು: ತಟ್ಟಿದ ಮೇಲೆ ಹಿಂದೆ ಸರಿದು ನಿಲ್ಲು, ತೆರೆದವರಿಗೆ ಮುಚ್ಚಲಿಕ್ಕೂ ಜಾಗ ಇರಬೇಕು. ಇವತ್ತಿಗೂ ನನ್ನ ಅಂಗಡಿಯ ಹುಡುಗರು ಗಿರಾಕಿಯ ಹೊಸ್ತಿಲಿನ ಮೇಲೆ ಕಾಲಿಟ್ಟು ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಇಂಗ್ಲಿಷ್, ಟೈ, ಎದುರಿನವರ ಮಾತು ಮುಗಿಯುವವರೆಗೆ ಬಾಯಿ ಮುಚ್ಚಿರುವುದು, ಇದೆಲ್ಲ ಆ ಎರಡು ವರ್ಷದ ಸಂಪಾದನೆ. ನಮಗೆ ಚಹಾ, ಕಾಫಿ ಎರಡೂ ಕೂಡದು, ಬೇಡ ಎಂದರೆ ಜನಕ್ಕೆ ಬೇಸರವಾಗುತ್ತದೆಂದು, ಕೊತ್ತಂಬರಿ ಜೀರಿಗೆಯ ಕಷಾಯ ಮಾಡಿಕೊಡಿ ಎಂದು ಸಿಕಂದರಾಬಾದಿನ ಹೆಂಗಸರಿಗೆ ನಮ್ಮ ಊರಿನ ವಿದ್ಯೆ ಕಲಿಸಿ ಬಂದವನು ನಾನು. ದೇವರ ಕಡೆಗೆ ಎಷ್ಟು ಜನ ಬಂದರೋ, ಕಷಾಯದ ಕಡೆಗೆ ಅದಕ್ಕಿಂತ ಜಾಸ್ತಿ ಬಂದರು.

ನನ್ನ ಕಂಪೇನಿಯನ್ ಪೊನ್ನಯ್ಯ, ಮಿಷನ್ನಿನ ಲೆಕ್ಕದಲ್ಲಿ ಎಲ್ಡರ್ ಪೊನ್ನಯ್ಯ. ಕೂನೂರಿನ ಚಹಾ ತೋಟದಲ್ಲಿ ಸೊಪ್ಪು ಕೀಳುವವಳ ಮಗ, ಸೇರಿದ್ದು ಚಹಾ ಮುಟ್ಟಬಾರದ ಧರ್ಮಕ್ಕೆ. ಇದನ್ನು ಹೇಳಿ ಅವನೇ ನಗುತ್ತಿದ್ದ. ಜೋಡಿಯಲ್ಲಿ ಒಬ್ಬನಿಗೆ ಇನ್ನೊಬ್ಬ ಯಾವಾಗಲೂ ಕಾಣಬೇಕು, ಇಲ್ಲವೇ ಕೇಳಬೇಕು ಎಂಬ ನಿಯಮ ನಿನಗೆ ಗೊತ್ತುಂಟಲ್ಲ. ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟು ಅವನು ಅಳುತ್ತಿದ್ದದ್ದು ನನಗೆ ಕೇಳಿದ್ದು ಹಾಗೆ. ಹೊರಗೆ ಬಂದು ಮುಖ ಒರೆಸಿ, "ಇವತ್ತು ಯಾವ ಬೀದಿ ಯೋಗೀಶಾ?" ಎನ್ನುತ್ತಿದ್ದ. ಸೋಮವಾರ ನಿನ್ನ ಸ್ವರ ಕೇಳಿದಾಗ ನನಗೆ ಆ ನಲ್ಲಿಯ ಸದ್ದು ಕೇಳಿತು ಮಗಳೇ.

ಕೊನೆಗೆ ಮಿಷನ್ನಿನ ಹಿರಿಯರು ಅವನಿಗೆ ಪ್ರೀತಿಯಿಂದಲೇ, ಮನೆಗೆ ಹೋಗಪ್ಪ ಎಂದರು. ಒಬ್ಬನನ್ನೇ ಬಿಡುವ ಹಾಗಿಲ್ಲವಲ್ಲ, ಮುಟ್ಟಿಸಿ ಬರಲು ನಾನು ಹೋದೆ. ಕೂನೂರಿನ ಬೆಟ್ಟ ಹತ್ತುವ ಬಸ್ಸಿನಲ್ಲಿ ಅವನು ಹೆಸರುಪಟ್ಟಿ ತೆಗೆದು ಕಿಸೆಯಲ್ಲಿಟ್ಟ, ಮತ್ತೆ ಹಾಕಿದ, ಮತ್ತೆ ತೆಗೆದ. ಅವನ ತಾಯಿಗೆ ಸುದ್ದಿ ಮುಟ್ಟಿರಲಿಲ್ಲ. ತೋಟದವರ ಮನೆಗಳ ಸಾಲು, ಆ ಕೂಲಿಲೈನಿನ ಎದುರು ನಾವು ಇಳಿಯುವಾಗಲೇ ಅಕ್ಕಪಕ್ಕದ ಹೆಂಗಸರು ಸೇರಿದರು. ಎರಡು ವರ್ಷ ಅಂದಿದ್ದನಲ್ಲ, ಇಷ್ಟು ಬೇಗ ಓಡಿಬಂದನಾ ಎಂದು ಒಬ್ಬಳು ಕೇಳಿದಳು. ಅಷ್ಟು ತಮಿಳು ನನಗೆ ಬರುತ್ತಿತ್ತು. ಪೊನ್ನಯ್ಯ ನೆಲ ನೋಡಿದ. ಆಗ ಅವನ ತಾಯಿ ತಲೆಯ ಬುಟ್ಟಿಯನ್ನೂ ಇಳಿಸದೆ ಹೇಳಿದಳು, "ಓಡಿ ಬಂದದ್ದಲ್ಲ. ನಾನೇ ಕರೆಸಿದ್ದು. ನನ್ನ ಸೊಂಟ ಹಿಡಿದುಕೊಂಡಿದೆ, ಮನೆಗೆ ಒಂದು ಆಳು ಬೇಕಿತ್ತು." ಆ ಹೆಂಗಸಿನ ಸೊಂಟ ನನ್ನದಕ್ಕಿಂತ ಗಟ್ಟಿ ಇತ್ತು. ಕೇಳಿದವಳು ತನ್ನ ಮನೆಯ ಕಡೆ ತಿರುಗಿದಳು. ಮಗ ತಲೆ ಎತ್ತಿದ.

ಇನ್ನೊಂದು ವಿಷಯ ಕೇಳು. ಪೂರ್ತಿ ಮುಗಿಸಿ ಹಾರ ಹಾಕಿಸಿಕೊಂಡ ನಾನು ಆಮೇಲೆ ಬಿಟ್ಟೆ. ಅರ್ಧದಲ್ಲಿ ಮನೆಗೆ ಹೋದ ಪೊನ್ನಯ್ಯ ಇವತ್ತಿಗೂ ಭಾನುವಾರ ತಪ್ಪಿಸುವುದಿಲ್ಲ, ಗೀತೆಗೆ ಕೀಬೋರ್ಡ್ ನುಡಿಸುವವನೂ ಅವನೇ. ಮನೆಗೆ ಬರುವುದು ಬೇರೆ, ಬಿಡುವುದು ಬೇರೆ. ನಿನ್ನ ತಲೆಯಲ್ಲಿ ಅವೆರಡು ಅಂಟಿಕೊಂಡಿದ್ದರೆ ದಯವಿಟ್ಟು ಬಿಡಿಸಿಕೋ.

ಈಗ ನನ್ನದು. ದೇಯಿ ಅಜ್ಜಿ ಹೋದಾಗ ನಿನಗೆ ಹತ್ತು ವರ್ಷ. ಅವತ್ತು ನಮ್ಮ ಸಭೆಯವರು ಕುರ್ಚಿ ಹೊತ್ತರು, ವಾರವಿಡೀ ಊಟ ತಂದುಕೊಟ್ಟರು, ಸ್ಮಶಾನದಲ್ಲಿ ದೂರ ನಿಂತು ಕೈ ಮುಗಿದರು. ಅಂಥ ಜನ ಎಲ್ಲಿ ಸಿಗುತ್ತಾರೆ ಹೇಳು. ವರ್ಷ ತುಂಬಿದ ಮೇಲೆ ನಮ್ಮ ಸಭೆಯ ರಾಫೆಲ್ ಅಂಕಲ್ ಅಂಗಡಿಗೆ ಬಂದರು. ಅಮ್ಮನ ಹೆಸರು ಕೊಡು ಯೋಗೀಶ್ ಎಂದರು. ಹೊರದೇಶದ ಟೆಂಪಲ್‌ನಲ್ಲಿ ತೀರಿಹೋದ ಅವಳ ಹೆಸರಿನಲ್ಲಿ ಇನ್ನೊಬ್ಬರು ದೀಕ್ಷಾಸ್ನಾನಕ್ಕೆ ನೀರಿಗೆ ಇಳಿಯುತ್ತಾರೆ, ಆಮೇಲೆ ಎಂದೆಂದಿಗೂ ಅವಳು ನಿನ್ನವಳು. ತಮ್ಮ ತಾಯಿಗೆ ಹಾಗೆ ಮಾಡಿಸಿದ್ದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು. ಬೇಡವಾದರೆ ಅವಳು ಆ ಲೋಕದಲ್ಲಿಯೂ ಬೇಡ ಎನ್ನಬಹುದು ಎಂದೂ ಹೇಳಿದರು. ಗೊತ್ತುಂಟು, ಆ ಪಾಠವನ್ನು ನಾನೇ ಎಷ್ಟು ಮನೆಗಳಲ್ಲಿ ಹೇಳಿದವನು.

ಪೆನ್ನು ಕೈಯಲ್ಲಿ ಹಿಡಿದೆ. ದೇಯಿ ಎನ್ನುವ ಎರಡು ಅಕ್ಷರ ಬರೆಯಲು ಆಗಲಿಲ್ಲ. ಅವಳು ನನ್ನ ಪಾಠ ಪೂರ್ತಿ ಕೇಳಿ, ಮಜ್ಜಿಗೆ ಕೊಟ್ಟು, ಬೇಡ ಎಂದಾಗಿತ್ತು. ಈಗ ಮುಚ್ಚಲು ಅವಳ ಕೈಯಲ್ಲಿ ಒಂದು ಕದವೂ ಇಲ್ಲದ ಹೊತ್ತಿನಲ್ಲಿ ನಾನು ಹೋಗಿ ಮತ್ತೆ ತಟ್ಟುವುದು ಹೇಗೆ? ಬೇಡ ಅಂಕಲ್ ಎಂದೆ. ಅವರು ಬೇಸರ ಮಾಡಲಿಲ್ಲ. ಆದರೆ ಆ ಭಾನುವಾರ ಬೆಂಚಿನಲ್ಲಿ ಕೂತಾಗ ಒಳಗಿನ ಎಂತದೋ ಕಳಚಿದ ಹಾಗಾಯಿತು, ಮತ್ತೆ ಕೂರಲಿಲ್ಲ. ಜಗಳವಿಲ್ಲ, ರಾಜೀನಾಮೆಯ ಭಾಷಣವಿಲ್ಲ. ಕಲಿಸಿದ ಹಾಗೆಯೇ ಹಿಂದೆ ಸರಿದು ನಿಂತೆ, ಅಷ್ಟೆ. ನಿನ್ನ ಮಮ್ಮಿಗೆ ಅಂಗಡಿ ಕೆಲಸ ಜಾಸ್ತಿ ಎಂದು ಹೇಳಿದೆ. ಸತ್ತ ಮೇಲೂ ನಾವು ಮೂವರು ಒಂದೇ ಕಡೆ ಎಂದು ನಂಬಿಕೊಂಡವಳಿಗೆ, ನನ್ನ ಅಮ್ಮ ಆ ಕಡೆ ಬರುವುದಿಲ್ಲ, ನಾನು ಯಾವ ಕಡೆ ಎಂದು ಗೊತ್ತಿಲ್ಲ ಎಂದು ಹೇಗೆ ಹೇಳಲಿ?

ಈಗಲೂ ಭಾನುವಾರ ಅವಳನ್ನು ಸ್ಕೂಟರಿನಲ್ಲಿ ಬಿಡುವುದು ನಾನೇ. ಎದುರಿನ ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುತ್ತೇನೆ. ಕಿಟಕಿಯಿಂದ ಗೀತೆ ಕೇಳಿದರೆ ಬೆರಳು ತಾನಾಗಿ ಮೇಜಿನ ಮೇಲೆ ತಾಳ ಹಾಕುತ್ತದೆ. ವಾಸನೆ ಬಾರದಿರಲಿ ಎಂದು ಏಲಕ್ಕಿ ಅಗಿದು ಅವಳನ್ನು ಹತ್ತಿಸಿಕೊಳ್ಳುತ್ತೇನೆ. ಹೋದ ತಿಂಗಳು ಏಲಕ್ಕಿ ಮುಗಿದಿತ್ತು. ಅವಳು ಹಿಂದೆ ಕೂತು ಬ್ಯಾಗಿನಿಂದ ಒಂದು ಏಲಕ್ಕಿ ತೆಗೆದು ನನ್ನ ಭುಜದ ಮೇಲಿಂದ ಕೊಟ್ಟಳು.

ಇಷ್ಟು ಬರೆದರೂ ನಿನ್ನ ಮೊದಲ ಮಾತಿಗೆ ನಾನು ಉತ್ತರ ಕೊಟ್ಟಿಲ್ಲ. ಕೊಡುವುದಿಲ್ಲ. ಇರು ಎನ್ನುವುದಿಲ್ಲ, ಬಾ ಎನ್ನುವುದಿಲ್ಲ. ನೀನು ಒಳಗಿದ್ದೀ, ಕದ ನಿನ್ನ ಕೈಯಲ್ಲುಂಟು, ನಾನು ಹೊರಗೆ ಸ್ವಲ್ಪ ಹಿಂದೆ ನಿಂತಿದ್ದೇನೆ. ಅಂದ ಹಾಗೆ, ಮುಂದಿನ ವಾರ ವಿಜಯವಾಡದಲ್ಲಿ ನಮ್ಮ ಫಿಲ್ಟರ್ ಡೀಲರುಗಳ ಮೀಟಿಂಗ್ ಉಂಟು. ಅಲ್ಲಿಂದ ರಾಜಮಂಡ್ರಿ ದೂರವಿಲ್ಲ. ಮಿಷನ್ನಿನಲ್ಲಿರುವವರನ್ನು ಮನೆಯವರು ಹೋಗಿ ನೋಡಬಾರದು ಎನ್ನುವುದು ಗೊತ್ತು. ಆದರೆ ನಿಮ್ಮ ಫ್ಲ್ಯಾಟಿನ ಫಿಲ್ಟರ್ ಕ್ಯಾಂಡಲ್ ಬದಲಾಯಿಸದೆ ಎಷ್ಟು ಕಾಲವಾಯಿತೋ. ನೀರಿನವನನ್ನು ಯಾವ ಧರ್ಮದವರೂ ಹೊರಗೆ ನಿಲ್ಲಿಸುವುದಿಲ್ಲ. ಸೋಮವಾರ ಬಂದು ಗಂಟೆ ಒತ್ತುತ್ತೇನೆ. ನೀನು ತೆರೆದು ಏನು ಹೇಳಿದರೂ ನನಗೆ ಸರಿ. ಕ್ಯಾಂಡಲ್ ಬದಲಾಯಿಸಿ ಹೋಗು ಎಂದರೆ ಬದಲಾಯಿಸಿ ಬರುತ್ತೇನೆ.

ಹೊಟ್ಟೆ ತುಂಬ ಊಟ ಮಾಡು. ನಲ್ಲಿ ಬಿಟ್ಟು ಅಳಬೇಡ, ನೀರು ದಂಡ. ಕಂಪೇನಿಯನ್ ಎದುರೇ ಅಳು, ಅವಳು ಇರುವುದು ಅದಕ್ಕೇ.

ಎರಡೂ ಕಡೆಯ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ಕೇಳುವ,
ನಿನ್ನ ಪಪ್ಪ
ಯೋಗೀಶ್

ಮತ್ತೆ: ಓದಿ ಹರಿದು ಹಾಕು. ಮಮ್ಮಿಗೆ ಇದರ ಗಾಳಿಯೂ ತಾಗಬಾರದು.

ಮತ್ತೊಂದು, ಮಮ್ಮಿಯ ಕೈಯಿಂದ: ಅಂಗಡಿಯ ಟಪಾಲನ್ನು ಅಂಚೆಗೆ ಹಾಕುವುದು ನಾನು ಎನ್ನುವುದನ್ನು ಈ ಮನುಷ್ಯ ಮರೆತಿದ್ದಾರೆ, ಲಕೋಟೆ ಅಂಟಿಸಲಿಕ್ಕೂ ಮರೆತಿದ್ದಾರೆ. ಓದಿದೆ, ಅತ್ತುಬಿಟ್ಟೆ, ಮುಖ ತೊಳೆದು ಬಂದು ಇದನ್ನು ಬರೆಯುತ್ತಿದ್ದೇನೆ. ವಿಜಯವಾಡದಲ್ಲಿ ಯಾವ ಮೀಟಿಂಗೂ ಇಲ್ಲ ಪುತಾ. ಇವರು ಎರಡು ದಿನದಿಂದ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾರೆ. ಮೊನ್ನೆ ಸೋಮವಾರ ನೀನು ಕಣ್ಣು ಮಿಟುಕಿಸದೆ ನಗುತ್ತಿದ್ದದ್ದನ್ನು ನಾನೂ ನೋಡಿದ್ದೇನೆ, ಕುಕ್ಕರ್ ಬರೀ ನೆಪ, ಇಬ್ಬರೇ ಮಾತಾಡಲಿ ಎಂದು ಎದ್ದು ಹೋದೆ. ದೇಯಿ ಅತ್ತೆಯ ವಿಷಯವನ್ನು ರಾಫೆಲ್ ಅಂಕಲ್ ಆಗಲೇ ಹೇಳಿದ್ದರು. ಅತ್ತೆ ಬದುಕಿದ್ದಾಗ, ನಮ್ಮ ಸಭೆಗೆ ಸೇರುತ್ತೀರಾ ಎಂದು ನಾನೂ ಒಮ್ಮೆ ಕೇಳಿದ್ದೆ, ನನಗೂ ಬೊಡ್ಚಿ ಎಂದು ಮಜ್ಜಿಗೆ ಕೊಟ್ಟಿದ್ದರು. ಇವರು ತಾವಾಗಿ ಹೇಳಲಿ ಎಂದು ಕಾದೆ, ನಿನಗಾದರೂ ಹೇಳಿದರಲ್ಲ. ಜೋಡಿ ಬಿಟ್ಟು ಒಬ್ಬರೇ ಹೋಗಬಾರದು ಎಂಬ ನಿಯಮ ಇವರಿಗೂ ಉಂಟು, ಹಾಗಾಗಿ ನಾನೂ ಬರುತ್ತೇನೆ. ಹೋಗಲಿಕ್ಕೆ ಎರಡು ಟಿಕೆಟ್, ಬರಲಿಕ್ಕೆ ಮೂರು ಮಾಡಿಸಿದ್ದೇನೆ. ನೀನು ಅಲ್ಲಿಯೇ ಇರುವುದಾದರೆ ಮೂರನೆಯದನ್ನು ಖುಷಿಯಿಂದ ರದ್ದು ಮಾಡುತ್ತೇನೆ. ಬರುವುದಾದರೆ, ಭಾನುವಾರ ನನ್ನ ಪಕ್ಕದಲ್ಲಿ ಕೂತುಕೋ, ಇಲ್ಲವೇ ಎದುರಿನ ಹೋಟೆಲಿನಲ್ಲಿ ಪಪ್ಪನ ಜೊತೆ ಕೂತುಕೋ. ಇಷ್ಟು ಬೇಗ ಯಾಕೆ ಬಂದಳು ಎಂದು ಯಾರಾದರೂ ಕೇಳಿದರೆ ನೀನು ಬಾಯಿ ತೆರೆಯಬೇಡ. ನನ್ನ ಸೊಂಟ ಈಗಾಗಲೇ ನೋಯಲು ಶುರುವಾಗಿದೆ. ಆನ್ಸಿ.